ಕ್ಷೌರ, ಕೋಳಿ, ಮೀನು

ಅಪ್ಪ ತೀರಿಕೊಂಡ ಮರುದಿನವೇ ಹಿರಿಮಗ ಕ್ಷೌರ ಮಾಡಿಸಿಕೊಂಡು ಬಂದು ಕೋಳಿ ಊಟ ಮಾಡಿದ. ತಪ್ಪೇ? ಮುಂದಿನ ಸಾಲಿನಲ್ಲಿ ಒಬ್ಬರು ಆಗಲೇ ಹುಬ್ಬು ಗಂಟಿಕ್ಕಿದರು!

ಪ್ರಶ್ನೆ ನನ್ನದಲ್ಲ. ರಿಚರ್ಡ್ ಶ್ವೇಡರ್, ಮನಮೋಹನ್ ಮಹಾಪಾತ್ರ, ಜೋನ್ ಮಿಲ್ಲರ್ 1987ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಇಂಥ 39 ಪ್ರಸಂಗಗಳನ್ನು ಅವರು ಶಿಕಾಗೋದಲ್ಲೂ ಭುವನೇಶ್ವರದಲ್ಲೂ ಜನರ ಮುಂದಿಟ್ಟರು. ಶಿಕಾಗೋದ ಮಕ್ಕಳಿಗೆ ಈ ಮಗನಲ್ಲಿ ತಪ್ಪೇ ಕಾಣಲಿಲ್ಲ. ಭುವನೇಶ್ವರದ ಬ್ರಾಹ್ಮಣ ಮಕ್ಕಳಿಗೆ ಅಷ್ಟೂ ಪ್ರಸಂಗಗಳಲ್ಲಿ ಇದೇ ಎಲ್ಲಕ್ಕಿಂತ ಘೋರ. ಕೊಟ್ಟ ಮಾತು ಮುರಿಯುವುದು, ಸುಮ್ಮನಿದ್ದ ಪ್ರಾಣಿಗೆ ಒದೆಯುವುದು ತಪ್ಪು ಎನ್ನುವುದರಲ್ಲಿ ಎರಡೂ ಊರು ಒಂದೇ.

ಊರವರೆಲ್ಲ ಸೇರಿ ಇಂಥ ಕಟ್ಟಳೆಯನ್ನು ಬದಲಾಯಿಸಿಕೊಂಡರೆ ಸರಿಯಾದೀತೇ ಎಂದೂ ಅವರು ಕೇಳಿದರು. ನಾವಾದರೆ ‘ಅದು ಅವರವರ ಸಂಪ್ರದಾಯ’ ಎಂದು ಜಾರಿಕೊಳ್ಳುತ್ತೇವೆ. ಭುವನೇಶ್ವರದವರು ಹಾಗೆ ಜಾರಿಕೊಳ್ಳಲಿಲ್ಲ. ತಪ್ಪು ಎಂದರೆ ಎಲ್ಲೆಲ್ಲೂ ತಪ್ಪೇ.

ಹಾಗಾದರೆ ತಪ್ಪಿನ ಅರ್ಥವೇ ಊರಿಂದೂರಿಗೆ ಬೇರೆ ಎನ್ನೋಣವೇ? ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ಮತ್ತು ಸಂಗಡಿಗರು ಇದಕ್ಕೆ ಆಕ್ಷೇಪ ಎತ್ತಿದರು. ಮಗ ಸೂತಕ ಮುರಿದರೆ ಅಪ್ಪನ ಆತ್ಮ ನರಳುತ್ತದೆ ಎಂದು ನಂಬಿದವರಿಗೆ ಅದು ನೋವು ಕೊಡುವ ಕೃತ್ಯವೇ. ತಪ್ಪಿನ ಅರ್ಥ ಬೇರೆಯಾಗಿಲ್ಲ, ಲೋಕದ ಬಗೆಗಿನ ನಂಬಿಕೆ ಬೇರೆ ಅಷ್ಟೆ ಎಂದರು. ಜಾಣ ಮಾತು. ನಾನೂ ಬಹಳ ಕಾಲ ಇದನ್ನೇ ಒಪ್ಪಿಕೊಂಡಿದ್ದೆ.

ಆದರೆ ಅದೇ 39 ಪ್ರಸಂಗಗಳ ಪಟ್ಟಿಯಲ್ಲಿ ವಾರಕ್ಕೆರಡು ಮೂರು ಸಲ ಮೀನು ತಿನ್ನುವ ವಿಧವೆಯೂ ಇದ್ದಾಳೆ. ಮೀನು ಉಷ್ಣ, ಕಾಮ ಕೆರಳಿಸುತ್ತದೆ, ಗಂಡನ ಆತ್ಮಕ್ಕೆ ಅಪಚಾರ, ಆದ್ದರಿಂದ ಪಾಪ ಎಂದರು ಭುವನೇಶ್ವರದವರು. ಸತ್ತವನ ನೋವು ಲೆಕ್ಕಕ್ಕೆ ಬಂತು. ಮೀನಿನ ರುಚಿ ಬಲ್ಲ ನಾಲಿಗೆಗೆ ಬದುಕಿಡೀ ಬೀಗ ಹಾಕಿಕೊಂಡವಳ ನೋವು? ಅದನ್ನು ಯಾವ ನಂಬಿಕೆಯೂ ಅಲ್ಲಗಳೆದಿಲ್ಲ, ಎಣಿಸಿಲ್ಲ ಅಷ್ಟೆ. ಕನ್ನಡದ ತಮಾಷೆ ನೋಡಿ: ಅವಳು ತಿಂದರೆ ‘ಪಾಪ’, ತಿನ್ನದೆ ಮೂಲೆಯಲ್ಲಿ ಕೂತರೂ ‘ಅಯ್ಯೋ ಪಾಪ’!

ಹಾಗಾದರೆ ‘ನಮ್ಮ ಸಂಸ್ಕೃತಿಯಲ್ಲಿ ಇದು ತಪ್ಪು’ ಎನ್ನುವಾಗ ಆ ‘ನಮ್ಮ’ ಯಾರು? ಹನ್ನೆರಡನೆಯ ಶತಮಾನದ ಶರಣರೂ ‘ನಮ್ಮ’ವರೇ. ಜನನ, ಮರಣ, ರಜಸ್ಸು, ಎಂಜಲು, ಜಾತಿ, ಈ ಪಂಚಸೂತಕಗಳನ್ನು ಅವರು ತಳ್ಳಿಹಾಕಿದರು. ಅವರಲ್ಲೊಬ್ಬರ ಮುಂದೆ ಕೋಳಿಯ ಪ್ರಶ್ನೆ ಇಟ್ಟಿದ್ದರೆ ಮರಣಸೂತಕವನ್ನಂತೂ ಒಪ್ಪುತ್ತಿರಲಿಲ್ಲ. ಕೋಳಿ ಕೊಂದದ್ದಕ್ಕೆ ಬೈಸಿಕೊಳ್ಳುತ್ತಿದ್ದೆವೋ ಏನೋ!