ಕೋಟು ತೊಟ್ಟ ಖಡ್ಗವೀರರು

1986ರಲ್ಲಿ ಹಾಂಗ್‌ಕಾಂಗ್‌ನಲ್ಲಿ ‘ಎ ಬೆಟರ್ ಟುಮಾರೋ’ ಎಂಬ ಕ್ಯಾಂಟೊನೀಸ್ ಚಿತ್ರ ತೆರೆಕಂಡಿತು. ನಿರ್ದೇಶಕ ಜಾನ್ ವೂ. ಪಾತಕಿ ಮಾರ್ಕ್‌ನ ಪಾತ್ರದಲ್ಲಿ ಚೌ ಯುನ್-ಫ್ಯಾಟ್. ಅವನ ಉದ್ದನೆಯ ಕೋಟು, ಕಪ್ಪು ಕನ್ನಡಕ, ತುಟಿಯಂಚಿನ ಬೆಂಕಿಕಡ್ಡಿ ಎಂಥ ಹುಚ್ಚು ಹಿಡಿಸಿದವೆಂದರೆ, ಸೆಕೆಯಲ್ಲಿ ಬೇಯುವ ಆ ಊರಿನಲ್ಲೂ ಹುಡುಗರು ಕೋಟು ತೊಟ್ಟು ತಿರುಗಿದರು.

ಇದು ಬರೀ ಠೀವಿಯ ಮೋಹವೇ? ಅಲ್ಲ. ವೂ ಪಳಗಿದ್ದು ಖಡ್ಗವೀರರ ಚಿತ್ರಗಳಿಗೆ ಹೆಸರಾದ ಚಾಂಗ್ ಚೆಹ್ ಅವರ ಗರಡಿಯಲ್ಲಿ. ಈ ಚಿತ್ರದಲ್ಲಿ ಮಾರ್ಕ್‌ನ ಗೆಳೆಯನಾದ ಟೀ ಲುಂಗ್ ಕೂಡ ಅಂಥ ಚಿತ್ರಗಳ ನಾಯಕನೇ. ಕತ್ತಿ ಹೋಗಿ ಪಿಸ್ತೂಲು ಬಂತು, ಧರ್ಮ ಬದಲಾಗಲಿಲ್ಲ. ಚೀನೀಯರು ಅದನ್ನು ‘ಯಿ’ ಎನ್ನುತ್ತಾರೆ: ಕೊಟ್ಟ ಮಾತಿಗೆ, ಗೆಳೆಯನ ಋಣಕ್ಕೆ ಪ್ರಾಣವನ್ನೇ ತೆರುವ ನಿಷ್ಠೆ. ಅದರ ಮೂರ್ತರೂಪವೆನಿಸಿದ ಪುರಾತನ ವೀರ ಗುವಾನ್ ಯುವನ್ನು ಹಾಂಗ್‌ಕಾಂಗ್‌ನಲ್ಲಿ ಪೊಲೀಸರೂ ಪೂಜಿಸುತ್ತಾರೆ, ಪಾತಕಿಗಳೂ ಪೂಜಿಸುತ್ತಾರೆ. ವೂ ಅವರ ‘ದಿ ಕಿಲ್ಲರ್’ (1989) ಚಿತ್ರದಲ್ಲಿ ಹಂತಕ ಮತ್ತು ಪೊಲೀಸ್ ಅಧಿಕಾರಿ ಗೆಳೆಯರಾಗುವುದು ಈ ಕಾರಣಕ್ಕೇ.

ಇನ್ನೊಂದು ಮಾತಿದೆ. ಬ್ರಿಟನ್ನಿನ ವಶದಲ್ಲಿದ್ದ ಹಾಂಗ್‌ಕಾಂಗನ್ನು 1997ರಲ್ಲಿ ಚೀನಾಕ್ಕೆ ಒಪ್ಪಿಸುವುದೆಂದು 1984ರಲ್ಲೇ ಎರಡು ಸರಕಾರಗಳ ನಡುವೆ ಒಪ್ಪಂದವಾಗಿತ್ತು. ಜನರನ್ನು ಯಾರೂ ಕೇಳಿರಲಿಲ್ಲ. ಚಿತ್ರದ ಒಂದು ದೃಶ್ಯದಲ್ಲಿ, ರಾತ್ರಿಯ ದೀಪಗಳಲ್ಲಿ ಹೊಳೆಯುವ ನಗರವನ್ನು ನೋಡುತ್ತಾ ಮಾರ್ಕ್ ಈ ಚೆಲುವು ಉಳಿಯದೆಂದು ಮರುಗುತ್ತಾನೆ. ಪ್ರೇಕ್ಷಕರಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಕೊನೆಗೆ ದೋಣಿ ಏರಿ ಪಾರಾಗಬಹುದಾಗಿದ್ದ ಮಾರ್ಕ್, ಗುಂಡಿನ ಮಳೆಗೆ ಸಿಕ್ಕ ಗೆಳೆಯನಿಗಾಗಿ ಹಿಂತಿರುಗಿ ಬಂದು ಪ್ರಾಣ ಕೊಡುತ್ತಾನೆ. ಊರಿನ ಹಣೆಬರಹ ಅಲ್ಲಿನವರ ಕೈಯಲ್ಲಿರಲಿಲ್ಲ. ದೋಣಿ ತಿರುಗಿಸುವುದು ಮಾತ್ರ ಕೈಯಲ್ಲಿತ್ತು. ಆ ಚಿತ್ರಗಳ ಸೆಳೆತ ಇರುವುದು ಅಲ್ಲಿ.