ಸಹಕಾರದ ಸೂರು
(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನೂರು ತುಂಬಿದ ಈ ಸಂತೋಷದಲ್ಲಿ ನಾವು ಒಂದು ಪ್ರಶ್ನೆಯನ್ನು ನಿಮ್ಮ ಮುಂದಿಡಬಯಸುತ್ತೇವೆ. ದೇವರ ಮನೆಯನ್ನು ಕಟ್ಟಲು ನಮ್ಮ ಹಿರಿಯರು ಒಂದುಗೂಡಿದರು. ನಮ್ಮವರ ಮನೆಗಳನ್ನು ಕಟ್ಟಲು ನಾವೇಕೆ ಒಂದುಗೂಡಲಿಲ್ಲ? ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಊರವರಿಗೆಲ್ಲ ಮನೆ ಕಟ್ಟಿಕೊಡುವ ಗಾರೆಯವರೂ ಬಡಗಿಗಳೂ ನಮ್ಮಲ್ಲಿದ್ದಾರೆ. ಅವರಲ್ಲಿ ಹಲವರ ಸಂಸಾರ ಇಂದಿಗೂ ಬಾಡಿಗೆ ಮನೆಯಲ್ಲಿದೆ.

1862ರಲ್ಲಿ ನಮ್ಮ ಜಿಲ್ಲೆಯು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಬ್ರಿಟಿಷ್ ಸಾಮ್ರಾಜ್ಯದ ಆ ಮಹಾನಗರಕ್ಕೆ ಉದ್ಯೋಗವನ್ನರಸಿ ಹೋದ ಚಿತ್ರಾಪುರ ಸಾರಸ್ವತರು ಸಂಖ್ಯೆಯಲ್ಲಿ ಅಲ್ಪರು. ಅವರಲ್ಲೊಬ್ಬರಾದ ಶ್ರೀಪಾದ ಸುಬ್ಬರಾವ್ ತಲ್ಮಕಿಯವರು 1906ರಲ್ಲಿ ತಮ್ಮ ಗುರು ಶಾಮರಾವ್ ವಿಠ್ಠಲ ಕಾಯ್ಕಿಣಿಯವರ ಹೆಸರಿನಲ್ಲಿ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. 1904ರ ಕಾನೂನು ಸಾಲದ ಸಂಘಗಳಿಗೆ ಮಾತ್ರ ಅವಕಾಶವಿತ್ತಿತ್ತು. 1912ರ ಕಾನೂನು ಇತರ ಸಂಘಗಳಿಗೂ ಬಾಗಿಲು ತೆರೆಯಿತು. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತರ ಗೃಹನಿರ್ಮಾಣ ಸಂಘ ಹುಟ್ಟಿತು. ಅಲ್ಲಿ ಕಟ್ಟಡವು ಸಂಘದ್ದು. ಸದಸ್ಯನು ಷೇರು ಹಾಕಿ, ಬಾಡಿಗೆ ತೆತ್ತು ವಾಸಿಸುವನು. ಆದರೆ ಬಾಡಿಗೆಯನ್ನು ಗೊತ್ತುಮಾಡುವ ಸಂಘದಲ್ಲಿ ಅವನಿಗೂ ಒಂದು ಮತ. ಮೂರು ವರ್ಷಗಳ ತರುವಾಯ ಬಾಂದ್ರಾದಲ್ಲಿ ಸಾಲ್ಸೆಟ್ ಕ್ಯಾಥೋಲಿಕ್ ಗೃಹನಿರ್ಮಾಣ ಸಂಘವೂ ತಲೆಯೆತ್ತಿತು.

ಶಿರಸಿಯೂ ಸಹಕಾರವನ್ನು ಅರಿಯದ ಊರಲ್ಲ. ಅಡಿಕೆ ಬೆಳೆಗಾರರು 1923ರಲ್ಲೇ ತೋಟಗಾರ್ಸ್ ಸೇಲ್ ಸೊಸೈಟಿಯನ್ನು ಕಟ್ಟಿಕೊಂಡರು. ಅವರಿಗೆ ತೋಟವಿತ್ತು. ಕೈಕೆಲಸವನ್ನೇ ನಂಬಿದವನಿಗೆ ಅಡವಿಡಲು ಏನಿದೆ? ಅವನ ಮಾತು, ಅವನ ನೆರೆಯವರ ಜಾಮೀನು, ಇಷ್ಟೇ. ಅದಕ್ಕೆ ಬೆಲೆ ತರುವುದೇ ಸಹಕಾರ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ, ನಮ್ಮ ಮಾತನ್ನು ನಂಬಿ ಕೆಲವು ಕುಟುಂಬಗಳು ನಿವೇಶನಕ್ಕೆಂದು ಹಣ ಕೂಡಿಸತೊಡಗಿದವು. ನಾವು ಸಂಘವನ್ನು ನೋಂದಾಯಿಸಲಿಲ್ಲ. ಲೆಕ್ಕವನ್ನು ನೆನಪಿಗೆ ಬಿಟ್ಟೆವು. ಸಂಶಯ ಹುಟ್ಟಿತು. ಹಣ ಹಿಂತಿರುಗಿತು, ಸ್ನೇಹ ಹಿಂತಿರುಗಲಿಲ್ಲ. ಸದ್ಭಾವನೆಯು ಲೆಕ್ಕಪುಸ್ತಕದ ಸ್ಥಾನವನ್ನು ತುಂಬಲಾರದೆಂಬುದನ್ನು ಅಂದು ಕಲಿತೆವು.

ಇನ್ನೊಂದು ಮಾತು. ಸಂಘವು ನಮ್ಮವರಿಗೆ ಮಾತ್ರ ಇರಲೆಂದು ಕೆಲವರು ಹೇಳುವರು. ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2005ರಲ್ಲಿ ಅಂಥ ಉಪನಿಯಮವನ್ನು ಎತ್ತಿಹಿಡಿದದ್ದುಂಟು. ಅಲ್ಪಸಂಖ್ಯಾತರಿಗೆ ಒಟ್ಟಿಗೆ ಬಾಳುವ ಆಸೆ ಸಹಜ. ಆದರೆ ಕಾನೂನು ಒಪ್ಪಿದ್ದೆಲ್ಲವನ್ನೂ ಮಾಡಲೇಬೇಕೆಂದಿಲ್ಲ. ಬಾಡಿಗೆ ಕೇಳಹೋದಾಗ ನಮ್ಮ ಹೆಸರು ಕೇಳಿ ಬಾಗಿಲು ಮುಚ್ಚಿದವರನ್ನು ದೂರುವ ನಾವು, ನಾಳೆ ನಮ್ಮ ಜೊತೆಯಲ್ಲೇ ಕಲ್ಲು ಹೊತ್ತ ನೆರೆಯವನಿಗೆ ಬಾಗಿಲು ಮುಚ್ಚುವುದೇ?

ಹಬ್ಬದ ತೋರಣ ಬಾಡುವ ಮೊದಲೇ ಸಭೆ ಸೇರೋಣ. ಸಂಬಳದವರು ಷೇರು ತರಲಿ, ಗಾರೆಯವರು ಕುಶಲತೆ ತರಲಿ, ಲೆಕ್ಕ ಬಲ್ಲ ತಾಯಂದಿರು ಪುಸ್ತಕ ಹಿಡಿಯಲಿ. ಮೊದಲ ಕೆಲಸ ನೋಂದಣಿ; ಅಡಿಗಲ್ಲು ಆಮೇಲೆ.

ನಿಮಗೆಲ್ಲರಿಗೂ ದೇವರ ಆಶೀರ್ವಾದವಿರಲಿ.