ಮೂಲೆಯಿಂದ ಮೂಲೆಗೆ ಒಂದು ಹಗ್ಗ

(ಸುವರ್ಣ ಮಹೋತ್ಸವದ ಗುರುವಂದನೆ ಕಾರ್ಯಕ್ರಮದಲ್ಲಿ ಶಾಲೆಯ ನಿವೃತ್ತ ಗಣಿತ ಶಿಕ್ಷಕರು ಆಡಿದ ಮಾತುಗಳ ಬರಹರೂಪ)

ತಲೆ ನರೆತರೂ ನನ್ನ ಕಣ್ಣಿಗೆ ಇನ್ನೂ ಎಂಟನೇ ತರಗತಿಯಲ್ಲೇ ಇರುವ ನನ್ನ ವಿದ್ಯಾರ್ಥಿಗಳೇ,

ಗುರುವಂದನೆ ಎಂದು ಕರೆದಿದ್ದೀರಿ. ಶಾಲು ಹೊದಿಸಿದ್ದೀರಿ, ಹಾರ ಹಾಕಿದ್ದೀರಿ. ಸಂತೋಷ. ಆದರೆ ಇಷ್ಟು ಹೊಗಳಿಕೆ ಕೇಳಿದ ಮೇಲೆ ನನ್ನ ಒಂದು ತಪ್ಪನ್ನು ಹೇಳದೆ ಇಳಿದರೆ ಲೆಕ್ಕ ಸರಿಹೋಗುವುದಿಲ್ಲ. ಅಳತೆಯ ಪಾಠದ ಬಗ್ಗೆ ಮಾತಾಡಿ ಎಂದಿದ್ದಾರೆ. ಆ ತಪ್ಪೂ ಅಳತೆಯದೇ. ಆದ್ದರಿಂದ ಎರಡನ್ನೂ ಒಟ್ಟಿಗೇ ಹೇಳುತ್ತೇನೆ.

ನಾನು ಈ ಶಾಲೆಗೆ ಬಂದದ್ದು 1983ರಲ್ಲಿ. ಆಗ ಇಲ್ಲಿದ್ದದ್ದು ನಾಲ್ಕು ಕೊಠಡಿ, ಒಂದು ಹುಣಸೆಮರ. ಪಕ್ಕದ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರು ಇಲ್ಲದಾಗ ಆರು, ಏಳನೇ ತರಗತಿಗೂ ನಾನೇ ಹೋಗುತ್ತಿದ್ದೆ. ಅಲ್ಲಿ ಮೊದಲ ವಾರವೇ ನನಗೆ ಗೊತ್ತಾದ ಸಂಗತಿ ಏನೆಂದರೆ, ನಮ್ಮ ಮಕ್ಕಳು ಮೂರು ಅಳತೆಗಳ ನಡುವೆ ಸಿಕ್ಕಿಕೊಂಡಿದ್ದರು. ಮನೆಯಲ್ಲಿ ಅಜ್ಜಿ ರಾಗಿ ಅಳೆಯುವುದು ಸೇರು, ಕೊಳಗದಲ್ಲಿ. ಅಪ್ಪ ಹೊಲದ ಮಾತಾಡುವುದು ಎಕರೆ, ಗುಂಟೆ, ಆಣೆಯಲ್ಲಿ. ಪುಸ್ತಕ ಹೇಳುವುದು ಲೀಟರು, ಮೀಟರು, ಹೆಕ್ಟೇರು. 1956ರಲ್ಲೇ ಮೆಟ್ರಿಕ್ ಅಳತೆಯ ಕಾಯಿದೆ ಬಂತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ಪೈಸೆ ಆಯಿತು. ಆದರೂ ನಾವೆಲ್ಲ ಎಷ್ಟು ವರ್ಷ ನಾಲ್ಕಾಣೆ, ಎಂಟಾಣೆ ಅಂದೆವು, ನೆನಪಿದೆಯಲ್ಲ? ರೂಪಾಯಿಯ ಆಣೆ ಹೋಯಿತು. ಹೊಲದ ಆಣೆ ಇನ್ನೂ ಇದೆ. ಗುಂಟೆಗೆ ಹದಿನಾರಾಣೆ ಎಂದು ಇವತ್ತಿಗೂ ಪಹಣಿ ಹಿಡಿದವರೆಲ್ಲ ಹೇಳುತ್ತಾರೆ.

ಮಕ್ಕಳಿಗೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. ಒಂದು ಮೀಟರಿಗೆ ಎಷ್ಟು ಸೆಂಟಿಮೀಟರು? ನೂರು. ಸರಿ. ಒಂದು ಚದರ ಮೀಟರಿಗೆ ಎಷ್ಟು ಚದರ ಸೆಂಟಿಮೀಟರು? ಇಡೀ ತರಗತಿ ಒಂದೇ ಧ್ವನಿಯಲ್ಲಿ ನೂರು ಅನ್ನುತ್ತಿತ್ತು. ಮೊದಲ ವರ್ಷ ನಾನು ಗದರಿದೆ. ಹತ್ತು ಸಾವಿರ ಎಂದು ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸಿದೆ. ಮುಂದಿನ ಪರೀಕ್ಷೆಯಲ್ಲಿ ಮತ್ತೆ ನೂರು! ಎರಡನೇ ವರ್ಷ ಗದರುವುದು ಬಿಟ್ಟು ಹಳೆಯ ಪತ್ರಿಕೆಗಳನ್ನು ಅಂಟಿಸಿ ಒಂದು ಮೀಟರು ಉದ್ದ, ಒಂದು ಮೀಟರು ಅಗಲದ ಹಾಳೆ ಮಾಡಿಸಿದೆ. ರಟ್ಟಿನಲ್ಲಿ ಹತ್ತು ಸೆಂಟಿಮೀಟರಿನ ಚೌಕಗಳನ್ನು ಕತ್ತರಿಸಿ ಅದರ ಮೇಲೆ ಜೋಡಿಸಿ ಎಂದೆ. ಒಂದು ಸಾಲಿಗೆ ಹತ್ತು, ಹತ್ತು ಸಾಲು, ನೂರು ರಟ್ಟು. ಒಂದೊಂದು ರಟ್ಟಿನೊಳಗೆ ನೂರು ಸಣ್ಣ ಮನೆ. ಎಣಿಸುತ್ತ ಎಣಿಸುತ್ತ ಒಬ್ಬ ಹುಡುಗ, "ಸಾರ್, ಎರಡು ಸಲ ನೂರು!" ಎಂದು ಕೂಗಿದ. ಅಷ್ಟೇ ಪಾಠ. ಉದ್ದಕ್ಕೆ ಒಂದು ಸಲ, ಅಗಲಕ್ಕೆ ಒಂದು ಸಲ. ಘನಕ್ಕೆ ಬಂದರೆ ಎತ್ತರಕ್ಕೆ ಇನ್ನೊಂದು ಸಲ. ಆ ವರ್ಷ ಆ ಪ್ರಶ್ನೆಗೆ ತಪ್ಪು ಬರೆದವರು ಬೆರಳೆಣಿಕೆಯಷ್ಟು.

ಆಮೇಲೆ ಮೈದಾನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಮೂವತ್ತಮೂರು ಅಡಿಯ ಹಗ್ಗ ಹಿಡಿದು ಸುಣ್ಣದಲ್ಲಿ ಚೌಕ ಎಳೆಸುತ್ತಿದ್ದೆ. ಅದೇ ಒಂದು ಗುಂಟೆ, 1,089 ಚದರ ಅಡಿ. ಅಂಥವು ನಲವತ್ತು ಸೇರಿದರೆ ಎಕರೆ, 43,560 ಚದರ ಅಡಿ. ಮಕ್ಕಳೆಲ್ಲ ಚೌಕದೊಳಗೆ ನಿಂತು ಗುಂಟೆ ಎಂದರೆ ಎಷ್ಟು ಎಂದು ಮೈಗೆ ತಿಳಿದುಕೊಳ್ಳುತ್ತಿದ್ದರು. ಅದೇ ಚೌಕವನ್ನು ಮೀಟರು ಟೇಪಿನಲ್ಲಿ ಅಳೆದರೆ ಒಂದು ಬದಿ ಹತ್ತು ಮೀಟರಿಗೆ ಸುಮಾರು ಆರು ಸೆಂಟಿಮೀಟರು ಹೆಚ್ಚು. ಅಂದರೆ ಗುಂಟೆ ಎಂದರೆ ಸುಮಾರು 101 ಚದರ ಮೀಟರು. ಅಪ್ಪನ ಗುಂಟೆಗೂ ಪುಸ್ತಕದ ಮೀಟರಿಗೂ ಅಲ್ಲಿ ಪರಿಚಯವಾಗುತ್ತಿತ್ತು. ಹೆಕ್ಟೇರಿಗೆ ಹತ್ತಿರ ಹತ್ತಿರ ಎರಡೂವರೆ ಎಕರೆ ಎಂಬುದನ್ನು ಆಮೇಲೆ ಯಾರೂ ಬಾಯಿಪಾಠ ಮಾಡಬೇಕಾಗಲಿಲ್ಲ.

ಮಳೆಯ ಲೆಕ್ಕ ಊರ ಹಿರಿಯರಿಗೂ ಇಷ್ಟವಾಗುತ್ತಿತ್ತು. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ನಿಂತರೆ ಅದು ಸರಿಯಾಗಿ ಒಂದು ಲೀಟರು. ಎಕರೆಗೆ 4,047 ಚದರ ಮೀಟರು. ಒಂದು ಅಂಗುಲ ಮಳೆ ಎಂದರೆ 25.4 ಮಿಲಿಮೀಟರು. ಗುಣಿಸಿ ನೋಡಿ, ಒಂದೇ ಒಂದು ಅಂಗುಲ ಮಳೆಗೆ ನಿಮ್ಮ ಒಂದು ಎಕರೆ ಮೇಲೆ ಬೀಳುವ ನೀರು ಒಂದು ಲಕ್ಷ ಲೀಟರಿಗಿಂತ ಹೆಚ್ಚು. ಐದು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಇಪ್ಪತ್ತು ಸಲ ತಂದು ಸುರಿದಷ್ಟು. ಬದು ಹಾಕದೆ ಹರಿಯಬಿಟ್ಟದ್ದು ಎಷ್ಟು ಎಂದು ಆಗ ಗೊತ್ತಾಗುತ್ತದೆ.

ಇಷ್ಟೆಲ್ಲ ಚೆನ್ನಾಗಿ ಕಲಿಸಿದೆ ಎಂದು ನನಗೆ ಸ್ವಲ್ಪ ಗರ್ವವೂ ಬಂದಿತ್ತು. ಈಗ ತಪ್ಪಿನ ಮಾತಿಗೆ ಬರುತ್ತೇನೆ.

1987ನೇ ಇಸವಿ. ಎಂಟನೇ ತರಗತಿಯ ಒಬ್ಬಳು ಹುಡುಗಿ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಚೀಟಿ ಹಿಡಿದು ಬಂದಳು. ಆಕೆ ಇವತ್ತು ಈ ಸಭೆಯಲ್ಲೇ ಇದ್ದಾಳೆ. ಕಥೆ ಹೇಳಿ ಸಾರ್, ಹೆಸರು ಬೇಡ ಎಂದು ಒಪ್ಪಿಗೆ ಕೊಟ್ಟಿದ್ದಾಳೆ. ಅವರ ಮನೆಯಲ್ಲಿ ಆಗ ಪಾಲು ನಡೆಯುತ್ತಿತ್ತು. ಚೀಟಿಯಲ್ಲಿ ನಾಲ್ಕು ಸಂಖ್ಯೆ: 100, 170, 200, 130. ಎಲ್ಲ ಅಡಿಗಳಲ್ಲಿ.

"ಸಾರ್, ನಾಲ್ಕು ಕಡೆ ಅಳತೆ ಇದ್ರೆ ಹೊಲ ಎಷ್ಟು ಅಂತ ಹೇಳಬಹುದಾ?"

ನಾನು ಊಟದ ಡಬ್ಬಿ ಬಿಚ್ಚುತ್ತಿದ್ದೆ. "ಎದುರುಬದುರು ಬದಿ ಕೂಡಿ ಅರ್ಧ ಮಾಡಮ್ಮ, ಎರಡನ್ನೂ ಗುಣಿಸು" ಎಂದೆ. ನೂರು ಮತ್ತು ಇನ್ನೂರು ಕೂಡಿ ಅರ್ಧ ಮಾಡಿದರೆ 150. ನೂರೆಪ್ಪತ್ತು ಮತ್ತು ನೂರಮೂವತ್ತು ಕೂಡಿ ಅರ್ಧ ಮಾಡಿದರೆ ಅದೂ 150. ಗುಣಿಸಿದರೆ 22,500 ಚದರ ಅಡಿ.

"ದೊಡ್ಡಪ್ಪನ ಪಾಲು ನೂರೈವತ್ತರ ಚೌಕ ಸಾರ್. ಹಂಗಾದ್ರೆ ಎರಡೂ ಸಮ ಅಲ್ವಾ?"

"ಸಮ" ಎಂದೆ.

ಅವಳು ಓಡಿಹೋದಳು. ಆ ವಾರವೇ ಕಲ್ಲು ನೆಟ್ಟರು. ಹೈಸ್ಕೂಲು ಮೇಷ್ಟ್ರೇ ಲೆಕ್ಕ ಹಾಕಿದ್ದಾರೆ ಎಂದು ಊರಲ್ಲಿ ಮಾತಾಯಿತು. ನನಗೂ ಕೇಳಿಸಿತು, ಖುಷಿಯೂ ಆಯಿತು.

ಎರಡು ತಿಂಗಳ ಮೇಲೆ ತರಗತಿಯಲ್ಲಿ ಚತುರ್ಭುಜ ರಚನೆಯ ಪಾಠ. "ಒಂದು ಚತುರ್ಭುಜ ಬರೆಯಲು ಎಷ್ಟು ಅಳತೆ ಬೇಕು?" ಎಂದು ಕೇಳಿದೆ. ಪುಸ್ತಕ ಓದಿಕೊಂಡು ಬಂದವರು ಐದು ಎಂದರು. ಭೇಷ್ ಎಂದೆ. ಆಗ ಆ ಹುಡುಗಿ ಎದ್ದು ನಿಂತಳು.

"ಸಾರ್, ಅವತ್ತು ನಾನು ನಾಲ್ಕೇ ಕೊಟ್ಟಿದ್ದೆ."

ನನಗೆ ಸೀಮೆಸುಣ್ಣ ಹಿಡಿದ ಕೈ ನಿಂತುಹೋಯಿತು. ಏನು ಹೇಳಬೇಕೋ ತೋಚಲಿಲ್ಲ. ಹಿಂದಿನ ಬೆಂಚಿನಿಂದ ಬಡಗಿಯವರ ಮನೆಯ ಹುಡುಗ ಎದ್ದ. "ಹೌದು ಸಾರ್. ಬಾಗಿಲ ಚೌಕಟ್ಟು ಸಾಗಿಸೋವಾಗ ನಮ್ಮಪ್ಪ ಅಡ್ಡಡ್ಡ ಒಂದು ಪಟ್ಟಿ ಹೊಡೀತಾರೆ. ಇಲ್ಲದಿದ್ರೆ ನಾಲ್ಕು ಕಟ್ಟಿಗೆ ಹಂಗೇ ಇದ್ರೂ ಚೌಕಟ್ಟು ವಾಲಿಬಿಡುತ್ತೆ" ಎಂದ. ಮರುದಿನ ನಾಲ್ಕು ಬಿದಿರು ಪಟ್ಟಿಯನ್ನು ಮೂಲೆಗಳಲ್ಲಿ ಒಂದೊಂದೇ ಮೊಳೆ ಹೊಡೆದು ತಂದ. ಹಿಡಿದು ಒತ್ತಿದರೆ ಅದು ಓರೆಯಾಗುತ್ತಾ ಆಗುತ್ತಾ ಕೊನೆಗೆ ಕತ್ತರಿಯಂತೆ ಮುಚ್ಚಿಕೊಂಡಿತು. ನಾಲ್ಕು ಬದಿಯ ಉದ್ದ ಕೂದಲೆಳೆಯಷ್ಟೂ ಬದಲಾಗಿಲ್ಲ, ಒಳಗಿನ ಜಾಗ ಮಾತ್ರ ಇಲ್ಲವೇ ಇಲ್ಲ! ಮೂಲೆಯಿಂದ ಮೂಲೆಗೆ ಒಂದು ಪಟ್ಟಿ ಹೊಡೆದ ಕೂಡಲೇ ಗಟ್ಟಿಯಾಗಿ ನಿಂತಿತು. ತ್ರಿಭುಜ ಅಲುಗುವುದಿಲ್ಲ, ಚತುರ್ಭುಜ ಅಲುಗುತ್ತದೆ ಎಂಬುದನ್ನು ನಾನು ಪದವಿಯಲ್ಲಿ ಓದಿದ್ದೆ. ಅರ್ಥ ಮಾಡಿಸಿದವನು ಆ ಹುಡುಗ.

ಅಂದು ಸಂಜೆ ಹಗ್ಗ ಹಿಡಿದು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಅಜ್ಜಿ ಕೂತಿದ್ದರು. ಲೆಕ್ಕ ತಪ್ಪಿದೆ, ಇನ್ನೊಮ್ಮೆ ಅಳೆಯಬೇಕು ಎಂದೆ.

"ಮೇಷ್ಟ್ರಿಗೂ ತಪ್ಪುತ್ತೇನಪ್ಪ?" ಎಂದರು.

"ತಪ್ಪುತ್ತೆ ಅಜ್ಜಿ" ಎಂದೆ. ಅಷ್ಟು ಹೇಳಲು ನನಗೆ ದಾರಿಯುದ್ದಕ್ಕೂ ಧೈರ್ಯ ಕೂಡಿಸಿಕೊಳ್ಳಬೇಕಾಗಿತ್ತು.

ಮರುದಿನ ಬೆಳಿಗ್ಗೆ ಅಣ್ಣ ತಮ್ಮ ಇಬ್ಬರ ಎದುರಿಗೇ ಅಳೆದೆವು. ಹಗ್ಗದ ತುದಿ ಹಿಡಿದದ್ದು ಆ ಹುಡುಗಿ. ಓರೆ ಹೊಲದ ಮೂಲೆಯಿಂದ ಎದುರು ಮೂಲೆಗೆ ಕರ್ಣ 210 ಅಡಿ. ಆ ಗೆರೆಗೆ ಒಂದು ಕಡೆಯ ಮೂಲೆಯಿಂದ ಲಂಬ 80 ಅಡಿ, ಇನ್ನೊಂದು ಕಡೆಯಿಂದ 120 ಅಡಿ. ಲಂಬಗಳನ್ನು ಕೂಡಿದರೆ 200, ಅರ್ಧ 100. ಅದಕ್ಕೆ 210ರಿಂದ ಗುಣಿಸಿದರೆ 21,000 ಚದರ ಅಡಿ. ಸರ್ವೆಯವರು ಕರ್ಣ ಎಳೆದು ಲಂಬ ತೆಗೆಯುವುದೂ ಇದಕ್ಕಾಗಿಯೇ. ನಾನು ಹೇಳಿದ್ದು 22,500. ವ್ಯತ್ಯಾಸ 1,500 ಚದರ ಅಡಿ. ಒಂದು ಗುಂಟೆ ಆರು ಆಣೆ. ಪೇಟೆಯ ಲೆಕ್ಕದಲ್ಲಿ ಹೇಳಬೇಕೆಂದರೆ ಒಂದು ಮೂವತ್ತು–ನಲವತ್ತರ ಸೈಟಿಗಿಂತ ಹೆಚ್ಚು. ಊಟದ ಡಬ್ಬಿ ಬಿಚ್ಚುತ್ತಾ ನಾನು ಒಬ್ಬ ರೈತನ ಕೈಯಿಂದ ಅಷ್ಟು ನೆಲ ಜಾರಿಸಿದ್ದೆ.

ಸಮ ಮಾಡಬೇಕೆಂದರೆ ಅದರರ್ಧ, 750 ಚದರ ಅಡಿ ಈಚೆಗೆ ಬರಬೇಕು. ಚೌಕದ ನೂರೈವತ್ತು ಅಡಿ ಬದಿಯ ಉದ್ದಕ್ಕೂ ಐದು ಅಡಿ ಬದು ಸರಿಯಬೇಕು. ಹುಡುಗಿಯೇ ಲೆಕ್ಕ ಹಾಕಿ ಹೇಳಿದಳು. ದೊಡ್ಡಪ್ಪ ಒಪ್ಪಲಿಲ್ಲ. "ಹತ್ತು ಜನರ ಮುಂದೆ ನೆಟ್ಟ ಕಲ್ಲು ಮೇಷ್ಟ್ರೇ, ನೀವೇ ಸಮ ಅಂದಿದ್ರಿ" ಎಂದರು. ಅವರ ಮಾತಿನಲ್ಲಿ ತಪ್ಪೇನಿತ್ತು? ಅವರು ನಂಬಿದ್ದು ನನ್ನನ್ನೇ. ನಾನು ಮೂರು ಸಲ ಅವರ ಮನೆಗೆ ಹೋದೆ. ಕೊನೆಗೆ ಅಜ್ಜಿ ನಡುವೆ ಬಂದು, ಯುಗಾದಿ ಕಳೆದ ಮೇಲೆ ಕಲ್ಲು ಸರಿಯಿತು. ಐದು ಅಡಿ ಅಲ್ಲ, ಮೂರು ಅಡಿ. ಲೆಕ್ಕ ಐದು ಹೇಳಿತು, ಮನೆ ಮೂರಕ್ಕೆ ಒಪ್ಪಿತು. ಉಳಿದ ಎರಡು ಅಡಿ ಇವತ್ತಿಗೂ ನನ್ನ ಖಾತೆಯಲ್ಲೇ ಇದೆ.

ಕೆಲವು ವರ್ಷಗಳ ಮೇಲೆ ಭಾಸ್ಕರಾಚಾರ್ಯರ ಲೀಲಾವತಿಯ ಅನುವಾದ ಓದಿದೆ. 1150ರ ಗ್ರಂಥ. ಕರ್ಣವನ್ನೋ ಲಂಬವನ್ನೋ ಹೇಳದೆ ನಾಲ್ಕು ಬದಿ ಮಾತ್ರ ಕೊಟ್ಟು ಚತುರ್ಭುಜದ ಕ್ಷೇತ್ರಫಲ ಕೇಳುವವನನ್ನು ಅವರು ಪಿಶಾಚಿ ಎಂದು ಬೈಯುತ್ತಾರೆ. ಉತ್ತರ ಹೇಳುವವನು ಅವನಿಗಿಂತಲೂ ದೊಡ್ಡ ಪಿಶಾಚಿಯಂತೆ! ಕೇಳಿದ ಮಗು ಪಿಶಾಚಿಯಲ್ಲ, ಅದಕ್ಕೆ ತಿಳಿಯದೆ ಕೇಳಿತು. ಉತ್ತರ ಹೇಳಿದವನು ನಿಮ್ಮ ಮುಂದೆ ಶಾಲು ಹೊದ್ದು ನಿಂತಿದ್ದಾನೆ. ಅವರಿಗಿಂತ ಮುನ್ನೂರು ವರ್ಷ ಹಿಂದೆ, ನೃಪತುಂಗನ ಕಾಲದಲ್ಲಿ ನಮ್ಮ ನಾಡಿನ ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ವ್ಯಾವಹಾರಿಕ ಅಳತೆ ಬೇರೆ, ಸೂಕ್ಷ್ಮ ಅಳತೆ ಬೇರೆ ಎಂದು ವಿಂಗಡಿಸಿದ್ದಾರೆ. ಎದುರು ಬದಿಗಳ ಸರಾಸರಿ ಆಯತಕ್ಕೆ ಸರಿ. ಹೊಲ ಓರೆಯಾದಷ್ಟೂ ಅದು ಇಲ್ಲದ ನೆಲವನ್ನು ಇದೆ ಎಂದು ತೋರಿಸುತ್ತದೆ. ಸಾವಿರ ವರ್ಷದಿಂದ ಗೊತ್ತಿದ್ದದ್ದನ್ನು ನಾನು ಒಂದು ಹೊಲ ಕೆಡಿಸಿ ಕಲಿತೆ.

ಅಲ್ಲಿಂದ ನಿವೃತ್ತಿಯವರೆಗೆ ನಾನು ಎರಡು ಪದ್ಧತಿ ಇಟ್ಟುಕೊಂಡೆ. ಮಗು ಪ್ರಶ್ನೆ ತಂದರೆ ಮೊದಲು ಚಿತ್ರ ಬರೆಸುವುದು, ಉತ್ತರ ಆಮೇಲೆ. ಉತ್ತರ ಬಂದ ಮೇಲೆ ಇದು ಯಾರ ಮನೆಯ ಲೆಕ್ಕ ಎಂದು ಕೇಳುವುದು. ಇಲ್ಲಿ ಕೂತಿರುವ ಶಿಕ್ಷಕ ಮಿತ್ರರಿಗೆ ನನ್ನ ಕೋರಿಕೆಯೂ ಇಷ್ಟೇ. ಸೂತ್ರ ಕಲಿಸಿ, ಅದು ಎಲ್ಲಿ ನಡೆಯುವುದಿಲ್ಲ ಎಂಬುದನ್ನೂ ಕಲಿಸಿ. ಊರಿನ ಹಿರಿಯರಿಗೂ ಒಂದು ಮಾತು. ಪಾಲಿಗೆ, ಮಾರಾಟಕ್ಕೆ ಸರ್ವೆ ಇಲಾಖೆಯ ಅಳತೆಯನ್ನೇ ಮಾಡಿಸಿ. ಮೇಷ್ಟ್ರ ಹಗ್ಗ ಪಾಠಕ್ಕೆ ಸಾಕು, ಪತ್ರಕ್ಕೆ ಸಾಲದು.

ಸುವರ್ಣ ಮಹೋತ್ಸವದ ನೆನಪಿಗೆ ಏನು ಮಾಡೋಣ ಎಂದು ಹಳೆಯ ವಿದ್ಯಾರ್ಥಿಗಳ ಸಂಘದವರು ಕೇಳಿದ್ದೀರಿ. ಕಮಾನು ಕಟ್ಟುವವರು ಕಟ್ಟಲಿ. ನನ್ನ ಆಸೆ ಸಣ್ಣದು. ಮೈದಾನದ ಆ ಮೂಲೆಯಲ್ಲಿ, ಹುಣಸೆಮರದಾಚೆ, ಮೂವತ್ತಮೂರು ಅಡಿಗೆ ಒಂದರಂತೆ ನಾಲ್ಕು ಕಲ್ಲು ನೆಡಿ. ಮಕ್ಕಳು ಆಡುತ್ತಾ ಒಂದು ಗುಂಟೆಯೊಳಗೆ ಓಡಾಡಲಿ. ನೆಡುವಾಗ ನಾಲ್ಕು ಬದಿ ಸರಿಯಿದ್ದರೆ ಸಾಕು ಎಂದುಕೊಳ್ಳಬೇಡಿ. ಮೂಲೆಯಿಂದ ಮೂಲೆಗೆ ಎರಡೂ ಕಡೆ ಹಗ್ಗ ಹಿಡಿದು ನೋಡಿ. ಎರಡೂ ಸಮ ಬಂದರೆ ಮಾತ್ರ ಅದು ಚೌಕ.

ಹಗ್ಗದ ಒಂದು ತುದಿ ಹಿಡಿಯಲು ನಾನು ಬರುತ್ತೇನೆ. ಇನ್ನೊಂದು ತುದಿ ಯಾರು ಹಿಡಿಯಬೇಕು ಎಂಬುದು ಆ ಹುಡುಗಿಗೆ ಗೊತ್ತಿದೆ.